ಆತ್ಮರಕ್ಷಣೆಯ ಪಟ್ಟುಗಳಿಗೂ ಪರೀಕ್ಷೆ ಬೇಕು

ಶಾಲೆಯ ವಾರ್ಷಿಕೋತ್ಸವದಲ್ಲೋ ಮಹಿಳಾ ದಿನಾಚರಣೆಯ ವೇದಿಕೆಯಲ್ಲೋ ಆತ್ಮರಕ್ಷಣೆಯ ಪ್ರಾತ್ಯಕ್ಷಿಕೆಯನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಒಬ್ಬ ಹುಡುಗ ಎದುರಿನಿಂದ ನಡೆದು ಬಂದು ಹುಡುಗಿಯ ಮುಂಗೈ ಹಿಡಿಯುತ್ತಾನೆ. ಹಿಡಿದವನು ಹಾಗೆಯೇ ನಿಂತುಬಿಡುತ್ತಾನೆ. ಅವಳು ಅವನ ಹೆಬ್ಬೆರಳಿನ ಕಡೆಗೆ ಕೈ ತಿರುವಿ ಬಿಡಿಸಿಕೊಳ್ಳುತ್ತಾಳೆ, ಮೊಣಕೈಯಿಂದ ಒಂದೇಟು ಕೊಟ್ಟಂತೆ ಮಾಡುತ್ತಾಳೆ, ಅವನು ನೆಲಕ್ಕುರುಳುತ್ತಾನೆ, ಚಪ್ಪಾಳೆ ಬೀಳುತ್ತದೆ. ಹೆಬ್ಬೆರಳಿನ ಕಡೆ ಹಿಡಿತ ಸಡಿಲವೆನ್ನುವುದು ನಿಜ. ನಾಲ್ಕು ಬೆರಳುಗಳ ಬಲ ಒಂದು ಬೆರಳಿಗಿಲ್ಲ. ಆದರೆ ಕೈ ಹಿಡಿದವನು ಸುಮ್ಮನೆ ಏಕೆ ನಿಂತ? ಅಲ್ಲಿಂದಲೇ ದರದರ ಎಳೆದಿದ್ದರೆ ಏನಾಗುತ್ತಿತ್ತು? ಅವನ ಇನ್ನೊಂದು ಕೈ ಎಲ್ಲಿತ್ತು? ಅವಳಿಗಿಂತ ಇಪ್ಪತ್ತು ಕಿಲೋ ಹೆಚ್ಚು ತೂಗುವವನಾಗಿದ್ದರೆ? ಅಪರಿಚಿತನ ಬದಲು ಮನೆಗೆ ಬಂದು ಹೋಗುವ ನೆಂಟನೋ ಪಾಠ ಹೇಳುವ ಮೇಷ್ಟ್ರೋ ಆಗಿದ್ದರೆ? ಇವತ್ತು ನಾನು ಮುಂದಿಡುವ ವಾದ ಇಲ್ಲಿಂದ ಹುಟ್ಟುತ್ತದೆ. ಆತ್ಮರಕ್ಷಣೆಗೆಂದು ಕಲಿಸುವ ಪ್ರತಿಯೊಂದು ಪಟ್ಟೂ ಒಂದು ಭರವಸೆ. ಹೀಗೆ ಮಾಡಿದರೆ ನೀನು ಪಾರಾಗುತ್ತೀ ಎಂದು ಕಲಿಸುವವರು ಕಲಿಯುವವರಿಗೆ ಮಾತು ಕೊಟ್ಟಂತೆ. ಹೊಸ ಔಷಧಿಯೊಂದರ ಬಗ್ಗೆ ಇಂಥ ಮಾತು ಬಂದರೆ ಪರೀಕ್ಷೆ ಆಗಿದೆಯೇ ಎಂದು ಕೇಳುವ ನಾವು, ಜೀವವನ್ನೇ ಒತ್ತೆಯಿಟ್ಟು ನಂಬಬೇಕಾದ ಈ ಭರವಸೆಯ ಬಗ್ಗೆ ಹಾಗೆ ಕೇಳುತ್ತಿಲ್ಲ. ಕೇಳಬೇಕು, ಕೇಳಿ ಪರೀಕ್ಷಿಸಬೇಕು, ಸೋತದ್ದನ್ನು ಬಿಡಬೇಕು, ಉಳಿದದ್ದನ್ನು ತಿದ್ದಬೇಕು.

ಪರೀಕ್ಷಿಸುವ ಕ್ರಮ ನಮಗೇನೂ ಹೊಸದಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ನಮ್ಮದೇ. ಮೈಸೂರು, ದಾವಣಗೆರೆ, ಬೆಳಗಾವಿ ಕಡೆಯ ಗರಡಿಮನೆಗಳಲ್ಲಿ ಕುಸ್ತಿ ಕಲಿಸುವ ರೀತಿಯನ್ನು ನೋಡಿ. ಉಸ್ತಾದರು ಒಂದು ಪಟ್ಟು ತೋರಿಸುತ್ತಾರೆ, ಹುಡುಗರು ಮಟ್ಟಿಯಲ್ಲಿ ನಾಲ್ಕಾರು ಸಲ ನಿಧಾನವಾಗಿ ಮಾಡಿ ನೋಡುತ್ತಾರೆ, ಆಮೇಲೆ ಜೋರ್ ಎನ್ನುವ ಅಭ್ಯಾಸದ ಸೆಣಸಾಟಕ್ಕೆ ಇಳಿಯುತ್ತಾರೆ. ಜೋರ್‌ನಲ್ಲಿ ಎದುರಿಗಿರುವವನು ಬೀಳಲು ಒಪ್ಪುವುದಿಲ್ಲ. ಅವನಿಗೂ ಅದೇ ಪಟ್ಟು ಗೊತ್ತು, ಅದಕ್ಕೆ ಮರುಪಟ್ಟೂ ಗೊತ್ತು. ಉಸ್ತಾದರು ಎಷ್ಟೇ ದೊಡ್ಡವರಿರಲಿ, ಅವರು ಕಲಿಸಿದ ಪಟ್ಟು ಒಲ್ಲದ ಎದುರಾಳಿಯ ಮೇಲೆ ನಡೆಯದಿದ್ದರೆ ಅದು ಅಲ್ಲೇ ಎಲ್ಲರೆದುರಿಗೆ ಗೊತ್ತಾಗುತ್ತದೆ. ಕುಸ್ತಿಯ ಪಟ್ಟುಗಳು ತಲೆಮಾರುಗಳ ಕಾಲ ಚೂಪಾಗಿ ಉಳಿದದ್ದಕ್ಕೆ ಗುರುಭಕ್ತಿಯಷ್ಟೇ ಈ ದಿನನಿತ್ಯದ ತಿಕ್ಕಾಟವೂ ಕಾರಣ. ಜಪಾನಿನಲ್ಲಿ ಇದೇ ತತ್ವವನ್ನು ಉದ್ದೇಶಪೂರ್ವಕವಾಗಿ ಒಂದು ಪದ್ಧತಿಯ ಅಡಿಪಾಯ ಮಾಡಿದವರು ಜಿಗೊರೊ ಕಾನೊ. 1882ರಲ್ಲಿ ಟೋಕಿಯೊದ ಎಯ್ಶೊಜಿ ದೇವಾಲಯದ ಆವರಣದಲ್ಲಿ ಕೊಡೊಕಾನ್ ಜೂಡೊ ಶಾಲೆ ತೆರೆದಾಗ ಅವರಿನ್ನೂ ಎಳೆಯ ಪ್ರಾಯದವರು. ಹಳೆಯ ಜುಜುತ್ಸು ಶಾಲೆಗಳ ವಿದ್ಯೆಯನ್ನು ಕಲಿತಿದ್ದ ಅವರು ಅದನ್ನು ಎರಡು ಪಾಲು ಮಾಡಿದರು. ಕಣ್ಣು, ಗಂಟಲುಗಳಿಗೆ ಹೊಡೆಯುವಂಥ ಅಪಾಯದ ಏಟುಗಳನ್ನು ಮೊದಲೇ ಗೊತ್ತುಮಾಡಿದ ಅಭ್ಯಾಸಕ್ಕೆ ಸೀಮಿತಗೊಳಿಸಿದರು. ಎತ್ತಿ ಒಗೆಯುವುದು, ಅದುಮಿ ಹಿಡಿಯುವುದು, ಕೈ ಕಟ್ಟುವುದು, ಕತ್ತು ಬಿಗಿಯುವುದು ಮುಂತಾದವನ್ನು ಇಬ್ಬರೂ ಪೂರ್ತಿ ಬಲ ಹಾಕಿ ಸೆಣಸುವ ಮುಕ್ತ ಅಭ್ಯಾಸಕ್ಕೆ ತಂದರು. ಜಪಾನೀಯರು ಅದನ್ನು ರಂದೋರಿ ಎನ್ನುತ್ತಾರೆ. ಪೆಟ್ಟಾಗದೆ ಬೀಳುವುದನ್ನು ಮೊದಲು ಕಲಿಸಿದ್ದರಿಂದ ಅದೇ ಪಟ್ಟನ್ನು ಒಬ್ಬನೇ ವಿದ್ಯಾರ್ಥಿ ಸಾವಿರಾರು ಸಲ, ಪ್ರತಿಸಲವೂ ಬೇರೆ ಎದುರಾಳಿಯ ಮೇಲೆ, ಪ್ರಯೋಗಿಸಿ ನೋಡುವುದು ಸಾಧ್ಯವಾಯಿತು.

ಒಲ್ಲದ ಎದುರಾಳಿ ಇಲ್ಲದ ಕಡೆ ಏನಾಗುತ್ತದೆ ಎನ್ನುವುದಕ್ಕೂ ಜಪಾನಿನಿಂದಲೇ ಉದಾಹರಣೆ ಸಿಗುತ್ತದೆ. ಯಾನಗಿ ರ್ಯೂಕೆನ್ ಎಂಬ ಗುರು ಮುಟ್ಟದೆಯೇ, ಬರೀ ಕೈಬೀಸಿನಿಂದ ಶಿಷ್ಯರನ್ನು ಸಾಲಾಗಿ ಕೆಡವುತ್ತಿದ್ದರು. ಎದುರಾಗುವವರಿಗೆ 5,00,000 ಯೆನ್ ಪಣ ಕಟ್ಟಿದರು. 2006ರಲ್ಲಿ ಮಿಶ್ರ ಸಮರಕಲೆಯ ಕ್ರೀಡಾಳುವೊಬ್ಬ ಆ ಪಣಕ್ಕೆ ಒಪ್ಪಿ ಕಣಕ್ಕಿಳಿದ. ಗುರುವಿನ ಕೈಬೀಸು ಅವನನ್ನು ಅಲುಗಿಸಲಿಲ್ಲ. ಅವನ ಏಟಿಗೆ ಗುರು ಮುಖದಲ್ಲಿ ರಕ್ತ ಸುರಿಸಿಕೊಂಡು ಕುಸಿದರು. ಶಿಷ್ಯರೆಲ್ಲ ಮೋಸಗಾರರಾಗಿದ್ದರೆಂದು ನಾನು ಭಾವಿಸುವುದಿಲ್ಲ. ಗುರು ಸುಳ್ಳೆಂದು ಗೊತ್ತಿದ್ದೂ ನಟಿಸುವವರು ತಮ್ಮ ಗುರುವನ್ನು ಅಂಥ ಪಣಕ್ಕೆ ಹೋಗಲು ಬಿಡುತ್ತಿರಲಿಲ್ಲ, ಗುರುವೂ ಹೋಗುತ್ತಿರಲಿಲ್ಲ. ಬೀಳಬೇಕೆಂದು ಎಲ್ಲರೂ ಬೀಳುವ ಕಡೆ ತಾನೂ ಬೀಳುವುದು, ಬಿದ್ದುದರಿಂದ ವಿದ್ಯೆ ನಿಜವೆಂದು ನಂಬುವುದು, ನಂಬಿದ್ದರಿಂದ ಇನ್ನಷ್ಟು ಬೀಳುವುದು: ಇದು ಪ್ರಾಮಾಣಿಕ ಜನರ ನಡುವೆಯೇ ಬೆಳೆಯುವ ಭ್ರಮೆ. ಅದರ ಸಣ್ಣ ರೂಪ ನಮ್ಮ ಶಾಲೆಯ ವೇದಿಕೆಯಲ್ಲೂ ಇದೆ. ಗೆಳತಿಗೆ ಬೇಸರವಾಗಬಾರದೆಂದು ಹಿಡಿತ ಸಡಿಲಿಸುವ ಜೊತೆಗಾರ್ತಿ, ಮೇಷ್ಟರ ಮರ್ಯಾದೆ ಉಳಿಯಲೆಂದು ಉರುಳುವ ಹುಡುಗ, ಇಬ್ಬರೂ ಒಳ್ಳೆಯವರೇ. ಅಮೆರಿಕದ ಜೈಲುಗಳಲ್ಲಿ ಅಧಿಕಾರಿಯಾಗಿದ್ದು, ಹಿಂಸೆಯನ್ನು ಹತ್ತಿರದಿಂದ ಕಂಡು ಬರೆದ ರೋರಿ ಮಿಲ್ಲರ್ ಒಂದು ಮುಖ್ಯ ವಿಚಾರ ಹೇಳುತ್ತಾರೆ: ಕಲಿಯುವವರು ಆಸ್ಪತ್ರೆ ಸೇರದಂತೆ ನಡೆಯುವ ಪ್ರತಿಯೊಂದು ಅಭ್ಯಾಸದಲ್ಲೂ ಬೇಕೆಂದೇ ಇಟ್ಟ ಒಂದು ದೋಷವಿರುತ್ತದೆ, ಆ ದೋಷ ಯಾವುದೆಂದು ಕಲಿಸುವವರಿಗೂ ಕಲಿಯುವವರಿಗೂ ತಿಳಿದಿರಬೇಕು. ಕಲಿಸುವ ಪ್ರತಿಯೊಬ್ಬರೂ ಈ ಮಾತನ್ನು ಮನನ ಮಾಡಬೇಕು.

ಚಾಕುವಿನ ವಿರುದ್ಧ ಕಲಿಸುವ ಪಟ್ಟುಗಳನ್ನು ಪರೀಕ್ಷಿಸಲು ಒಂದು ಸುಲಭ ವಿಧಾನವಿದೆ. ಕಲಿಯುವವರಿಗೆ ಬಿಳಿಯ ಅಂಗಿ ತೊಡಿಸಿ. ಚಾಕುವಿನ ಬದಲು ಮುಚ್ಚಳ ತೆಗೆದ ದಪ್ಪ ಕೆಂಪು ಸ್ಕೆಚ್ ಪೆನ್ ಅಥವಾ ಬಣ್ಣ ಬಳಿದ ರಬ್ಬರ್ ಚಾಕು ಕೊಡಿ. ತರಗತಿಯಲ್ಲಿ ಮಾಡಿಸುವಂತೆ ಒಂದೇ ಸಲ ಕೈ ಪೂರ್ತಿ ಚಾಚಿ ತಿವಿದು ಹಾಗೆಯೇ ನಿಲ್ಲು ಎನ್ನಬೇಡಿ. ಎಡಗೈಯಿಂದ ಕಾಲರ್ ಹಿಡಿದುಕೋ, ಬಲಗೈಯಿಂದ ಹೊಲಿಗೆ ಯಂತ್ರದ ಸೂಜಿಯಂತೆ ಬೇಗ ಬೇಗ ಚುಚ್ಚಿ ಚುಚ್ಚಿ ಹಿಂದೆಗೆ, ನಾನು ಸಾಕೆನ್ನುವ ತನಕ ನಿಲ್ಲಿಸಬೇಡ ಎನ್ನಿ. ಐದೇ ಸೆಕೆಂಡು ಸಾಕು. ಆಮೇಲೆ ಅಂಗಿಯನ್ನು ನೋಡಿ. ಪುಸ್ತಕದಲ್ಲಿ ಚಿತ್ರ ಸಹಿತ ವಿವರಿಸಿದ ಮಣಿಕಟ್ಟು ತಿರುವುವ ಪಟ್ಟು ಹಿಡಿಯುವಷ್ಟರಲ್ಲಿ ಹೊಟ್ಟೆ, ಪಕ್ಕೆ, ಮುಂಗೈಗಳ ಮೇಲೆಲ್ಲ ಕೆಂಪು ಚುಕ್ಕೆಗಳು ಬಿದ್ದಿರುತ್ತವೆ. ಯಾವ ವಾದವೂ ಬೇಕಿಲ್ಲ; ಯಾರ ಅಹಂಕಾರಕ್ಕೂ ಪೆಟ್ಟು ಕೊಡದೆ ಅಂಗಿಯೇ ಉತ್ತರ ಹೇಳುತ್ತದೆ. ಇದನ್ನು ಒಮ್ಮೆ ನೋಡಿದವರು ಪಟ್ಟಿನ ಬದಲು ಬೇರೆ ವಿಷಯ ಕೇಳತೊಡಗುತ್ತಾರೆ: ನಡುವೆ ಮೇಜು ಸಿಗುವಂತೆ ಹೇಗೆ ನಿಲ್ಲಲಿ, ಚೀಲವನ್ನು ಹೇಗೆ ಅಡ್ಡ ಹಿಡಿಯಲಿ, ಬಾಗಿಲು ಯಾವ ಕಡೆ, ಓಡುವುದು ಯಾವಾಗ. ವಿದ್ಯೆ ತಿದ್ದುಪಡಿಯಾಗುವುದು ಇಂಥ ಕ್ಷಣಗಳಲ್ಲಿ.

ಇಲ್ಲೊಂದು ಆಕ್ಷೇಪ ಸಾಮಾನ್ಯವಾಗಿ ಬರುತ್ತದೆ. ನಾವು ಕಲಿಸುವುದು ಕ್ರೀಡೆಯಲ್ಲ, ಪ್ರಾಣಾಂತಿಕ ವಿದ್ಯೆ. ಕಣ್ಣಿಗೆ ಬೆರಳು ಹಾಕುವುದನ್ನೂ ಗಂಟಲಿಗೆ ಹೊಡೆಯುವುದನ್ನೂ ಪರೀಕ್ಷಿಸಲು ಹೇಗೆ ಸಾಧ್ಯ, ಎಂದು ಕಲಿಸುವವರು ಕೇಳುತ್ತಾರೆ. ಪ್ರಶ್ನೆಯಲ್ಲಿ ಸತ್ಯಾಂಶವಿದೆ. ಆದರೆ ಪರೀಕ್ಷಿಸಲಾಗದ್ದು ಎಂಬ ಮಾತ್ರಕ್ಕೆ ಅದು ಪರೀಕ್ಷೆಯಲ್ಲಿ ಗೆದ್ದಂತಾಗುವುದಿಲ್ಲ. ಅಲುಗಾಡುವ ತಲೆಯಲ್ಲಿ ಕಣ್ಣಿನಷ್ಟು ಸಣ್ಣ ಗುರಿಗೆ ಬೆರಳು ತಾಗಿಸುವುದಕ್ಕೆ ಬೇಕಾದ ಅಂತರ, ನಿಲುವು, ಸಮಯ ಇವೆಲ್ಲ ಒಲ್ಲದ ಎದುರಾಳಿಯ ಜೊತೆ ಸೆಣಸಿಯೇ ಬರಬೇಕು; ಕಣ್ಣಿಗೆ ಬದಲಾಗಿ ಹಣೆಯನ್ನು ಗುರಿಯಾಗಿಟ್ಟರೂ ಅಷ್ಟನ್ನು ಪರೀಕ್ಷಿಸಬಹುದು. 1993ರ ನವೆಂಬರಿನಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಬೇರೆ ಬೇರೆ ಪದ್ಧತಿಯವರನ್ನು ಮುಖಾಮುಖಿ ಮಾಡಿದ ಮೊದಲ ಯುಎಫ್‌ಸಿ ಪಂದ್ಯಾವಳಿಯಲ್ಲಿ ಕಚ್ಚುವುದು, ಕಣ್ಣು ಕೀಳುವುದು ಬಿಟ್ಟರೆ ಹೆಚ್ಚುಕಡಿಮೆ ಎಲ್ಲಕ್ಕೂ ಅವಕಾಶವಿತ್ತು. ಅಲ್ಲಿ ಒಂದೇ ರಾತ್ರಿ ಮೂವರನ್ನು ಮಣಿಸಿ ಗೆದ್ದವನು ಹಗುರ ಮೈಕಟ್ಟಿನ ರೋಯ್ಸ್ ಗ್ರೇಸಿ. ಮೂವರನ್ನೂ ಅವನು ಸೋಲೊಪ್ಪಿಕೊಳ್ಳುವಂತೆ ಮಾಡಿದ್ದು ನೆಲದ ಮೇಲಿನ ಹಿಡಿತಗಳ ಬಲದಿಂದ. ಆ ವಿದ್ಯೆ ಅವನ ಮನೆತನಕ್ಕೆ ಬಂದದ್ದು ಬ್ರೆಜಿಲ್‌ಗೆ ವಲಸೆ ಹೋದ ಕೊಡೊಕಾನ್‌ನ ಜೂಡೊ ಪಟು ಮಿತ್ಸುಯೊ ಮಾಯೆದಾ ಅವರಿಂದ. ಇನ್ನು ಪೂರ್ತಿ ಬಲದ ಏಟುಗಳನ್ನೂ ಪರೀಕ್ಷಿಸುವ ದಾರಿಯನ್ನು ಅಮೆರಿಕದ ಮ್ಯಾಟ್ ಥಾಮಸ್ 1970ರ ದಶಕದಲ್ಲಿ ತೋರಿಸಿಕೊಟ್ಟರು. ಅವರ ಮಾಡೆಲ್ ಮಗ್ಗಿಂಗ್ ತರಬೇತಿಯಲ್ಲಿ ತಲೆಯಿಂದ ಕಾಲಿನ ತನಕ ದಪ್ಪ ಕವಚ ತೊಟ್ಟ ತರಬೇತುದಾರ ಆಕ್ರಮಣಕಾರನಂತೆ ಬೈದು, ತಳ್ಳಿ, ಮೇಲೆರಗುತ್ತಾನೆ. ಮಹಿಳೆ ಕೈ ತಡೆಯದೆ ಹೊಡೆಯುತ್ತಾಳೆ.

ಹಾಗಿದ್ದರೆ ಎಲ್ಲ ಹೆಣ್ಣುಮಕ್ಕಳಿಗೂ ಕುಸ್ತಿಯನ್ನೋ ಜೂಡೊವನ್ನೋ ಕಲಿಸಿದರೆ ಮುಗಿಯಿತೇ? ಇಲ್ಲ, ಏಕೆಂದರೆ ಕಣವೂ ಬದುಕಲ್ಲ. ಕಣದಲ್ಲಿ ಒಬ್ಬರಿಗೊಬ್ಬರು, ಸಮಾನ ತೂಕದವರು, ಸಿದ್ಧರಾಗಿ ನಿಂತವರು. ಪರೀಕ್ಷೆ ಯಾವ ಸ್ಥಿತಿಯಲ್ಲಿ ನಡೆಯಿತೋ ಅಷ್ಟಕ್ಕೇ ಅದರ ಉತ್ತರ ಸಲ್ಲುತ್ತದೆ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ಅಧಿಕಾರಿ ಡೆನ್ನಿಸ್ ಟ್ಯೂಲರ್ 1983ರಲ್ಲಿ ಗಡಿಯಾರ ಹಿಡಿದು ಪರೀಕ್ಷಿಸಿ, ಚಾಕು ಹಿಡಿದವನು 21 ಅಡಿ ದೂರವನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ದಾಟಬಲ್ಲ, ಒರೆಯಿಂದ ಪಿಸ್ತೂಲು ತೆಗೆದು ಗುಂಡು ಹಾರಿಸಲೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು ಎಂದು ತೋರಿಸಿದರು. ಚಿಕ್ಕದಾದ, ಚೊಕ್ಕವಾದ ಪ್ರಯೋಗ. ಕಾಲಕ್ರಮದಲ್ಲಿ ಜನ ಅದನ್ನು 21 ಅಡಿಯ ನಿಯಮವೆಂದು ಕರೆದು, ಆಚೆ ಇದ್ದರೆ ಕ್ಷೇಮ, ಈಚೆ ಬಂದರೆ ಗುಂಡು ಎಂಬಂತೆ ಬಳಸಿದರು. ಪ್ರಯೋಗ ಹೇಳಿದ್ದು ಅದನ್ನಲ್ಲ. ಆದ್ದರಿಂದ ಪಟ್ಟು ಕೆಲಸ ಮಾಡುತ್ತದೆಯೇ ಎಂದು ಕೇಳುವಾಗಲೇ ಯಾರ ಮೇಲೆ, ಎಲ್ಲಿ, ಯಾವ ಅಪಾಯದ ಎದುರು ಎಂದೂ ಕೇಳಬೇಕು. ನಮ್ಮ ದೇಶದ ಮಟ್ಟಿಗೆ ಇದಕ್ಕೆ ಉತ್ತರ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವರದಿಗಳಲ್ಲಿ ವರ್ಷ ವರ್ಷವೂ ಸಿಗುತ್ತದೆ. ದಾಖಲಾದ ಅತ್ಯಾಚಾರ ಪ್ರಕರಣಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚಿನವುಗಳಲ್ಲಿ ಆರೋಪಿ ಸಂತ್ರಸ್ತೆಗೆ ಪರಿಚಯದವನೇ: ಮನೆಯವನು, ನೆರೆಯವನು, ಸ್ನೇಹಿತ, ಜೊತೆಗೆ ಕೆಲಸ ಮಾಡುವವನು. ನಮ್ಮ ಪ್ರಾತ್ಯಕ್ಷಿಕೆಗಳಲ್ಲಿ ಕತ್ತಲಿನಿಂದ ಬರುವ ಅಪರಿಚಿತನ ಪಾತ್ರವೇ ಮುಖ್ಯ. ಪರಿಚಿತನ ಎದುರು ಮೊದಲ ತಡೆ ಕೈಬಲದ ಕೊರತೆಯಲ್ಲ. ಇವನು ಹಾಗೆ ಮಾಡಿಯಾನೇ ಎಂಬ ಅನುಮಾನ, ಕೂಗಿದರೆ ಯಾರೇನೆಂದುಕೊಳ್ಳುತ್ತಾರೋ ಎಂಬ ಸಂಕೋಚ, ದೊಡ್ಡವರಿಗೆ ಎದುರಾಡಬಾರದೆಂದು ಚಿಕ್ಕಂದಿನಿಂದ ಕಲಿತ ವಿನಯ, ಇವು ಕೈಯನ್ನು ಮೊದಲೇ ಕಟ್ಟಿಹಾಕಿರುತ್ತವೆ. ಈ ಕಟ್ಟನ್ನು ಬಿಚ್ಚದ ತರಬೇತಿ ನಿಜವಾದ ಅಪಾಯದ ಹತ್ತಿರಕ್ಕೇ ಹೋಗಿಲ್ಲ.

ಭಯದಲ್ಲಿ ದೇಹ ಹೇಗೆ ನಡೆದುಕೊಳ್ಳುತ್ತದೆ ಎನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನ್ಯೂಯಾರ್ಕ್ ಪೊಲೀಸರ ಗುಂಡಿನ ಪ್ರಕರಣಗಳನ್ನು ರ್ಯಾಂಡ್ ಸಂಸ್ಥೆ ಅಧ್ಯಯನ ಮಾಡಿ 2008ರಲ್ಲಿ ಕೊಟ್ಟ ವರದಿಯ ಪ್ರಕಾರ, ಎದುರಿನವನೂ ಗುಂಡು ಹಾರಿಸುತ್ತಿದ್ದಾಗ ತರಬೇತಾದ ಪೊಲೀಸರ ಗುಂಡುಗಳಲ್ಲಿ ಗುರಿ ಮುಟ್ಟಿದ್ದು ನೂರಕ್ಕೆ 18 ಮಾತ್ರ. ಸ್ಟಾಕ್‌ಹೋಮ್‌ನ ತುರ್ತು ಚಿಕಿತ್ಸಾಲಯಕ್ಕೆ ಅತ್ಯಾಚಾರದ ನಂತರ ಬಂದ 298 ಮಹಿಳೆಯರನ್ನು ವಿಚಾರಿಸಿದ, 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನೂರಕ್ಕೆ 70 ಮಂದಿ ಆ ಹೊತ್ತಿನಲ್ಲಿ ಮೈ ಮರಗಟ್ಟಿದಂತಾಗಿ ಅಲುಗಲಾಗಲಿಲ್ಲ ಎಂದರು. ಇದು ಹೇಡಿತನವೂ ಅಲ್ಲ, ಒಪ್ಪಿಗೆಯೂ ಅಲ್ಲ, ನರಮಂಡಲದ ಪ್ರತಿಕ್ರಿಯೆ. ಎಂಟು ಹೆಜ್ಜೆಗಳ ಸೊಗಸಾದ ಪಟ್ಟನ್ನು ತಂಪಾದ ಸಭಾಂಗಣದಲ್ಲಿ ಕಂಠಪಾಠ ಮಾಡಿಸಿದವರು ಈ ಎರಡು ಸಂಖ್ಯೆಗಳಿಗೆ ಉತ್ತರ ಕೊಡಬೇಕಾಗುತ್ತದೆ. ಸರಳವಾದದ್ದು, ಒರಟಾದದ್ದು, ಯಾವ ಕೋನದಿಂದ ಮಾಡಿದರೂ ಅಷ್ಟಿಷ್ಟು ಫಲ ಕೊಡುವಂಥದ್ದು, ಜೊತೆಗೆ ಬಾಯಿಬಿಟ್ಟು ಗಟ್ಟಿಯಾಗಿ ಕೂಗುವ ಅಭ್ಯಾಸ, ಇವೇ ಅಂಥ ಹೊತ್ತಿನಲ್ಲಿ ಉಳಿಯುವ ಸಾಧ್ಯತೆ ಹೆಚ್ಚು ಎಂದು ನನ್ನ ಅಭಿಪ್ರಾಯ.

ಕೊನೆಗೆ ಎಲ್ಲಕ್ಕಿಂತ ಕಠಿಣವಾದ ಪರೀಕ್ಷೆ: ತರಬೇತಿ ಪಡೆದವರಿಗೆ ನಿಜವಾಗಿ ಹಾನಿ ಕಡಿಮೆಯಾಯಿತೇ? ಇದಕ್ಕೆ ಗಟ್ಟಿ ಉತ್ತರ ಕೊಟ್ಟ ಪ್ರಯೋಗ ಕೆನಡಾದ ಮನಶ್ಶಾಸ್ತ್ರಜ್ಞೆ ಶಾರ್ಲೀನ್ ಸೆನ್ ಅವರದು. ಮೂರು ವಿಶ್ವವಿದ್ಯಾಲಯಗಳ 893 ಮೊದಲ ವರ್ಷದ ವಿದ್ಯಾರ್ಥಿನಿಯರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ತಲಾ ಮೂರು ಗಂಟೆಯ ನಾಲ್ಕು ತರಗತಿ, ಇನ್ನೊಂದಕ್ಕೆ ಎಂದಿನಂತೆ ತಿಳಿವಳಿಕೆಯ ಕರಪತ್ರ. 2015ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾದ ಫಲಿತಾಂಶದಂತೆ, ಒಂದು ವರ್ಷದಲ್ಲಿ ಅತ್ಯಾಚಾರಕ್ಕೆ ಒಳಗಾದವರು ಕರಪತ್ರದ ಗುಂಪಿನಲ್ಲಿ ನೂರಕ್ಕೆ 9.8, ತರಬೇತಿಯ ಗುಂಪಿನಲ್ಲಿ 5.2. ಅತ್ಯಾಚಾರದ ಯತ್ನಕ್ಕೆ ಒಳಗಾದವರು ನೂರಕ್ಕೆ 9.3 ಮತ್ತು 3.4. ಹನ್ನೆರಡು ಗಂಟೆಯ ಪಾಠಕ್ಕೆ ಇದು ಸಣ್ಣ ಫಲವಲ್ಲ. ಆ ಪಾಠದಲ್ಲಿ ಏಟು, ಒದೆತ, ಬಿಡಿಸಿಕೊಳ್ಳುವಿಕೆ ಇದ್ದವು, ಆದರೆ ಅವು ಒಂದು ಪಾಲು ಮಾತ್ರ. ಪರಿಚಿತನ ನಡವಳಿಕೆಯಲ್ಲಿ ಅಪಾಯವನ್ನು ಬೇಗ ಗುರುತಿಸುವುದು, ಗುರುತಿಸಿದ್ದನ್ನು ತನಗೆ ತಾನೇ ಒಪ್ಪಿಕೊಳ್ಳಲು ಅಡ್ಡ ಬರುವ ಹಿಂಜರಿಕೆಯನ್ನು ದಾಟುವುದು, ತನಗೆ ಏನು ಬೇಕು ಏನು ಬೇಡ ಎಂಬುದರ ಸ್ಪಷ್ಟತೆ, ಇವಕ್ಕೆ ಉಳಿದ ಹೊತ್ತೆಲ್ಲ ಮೀಸಲಾಗಿತ್ತು. ಈ ನಾಲ್ಕರಲ್ಲಿ ಯಾವುದರಿಂದ ಎಷ್ಟು ಫಲ ಬಂತೆಂದು ಈ ಪ್ರಯೋಗ ಬಿಡಿಸಿ ಹೇಳುವುದಿಲ್ಲ. ಕೆನಡಾದ ಕಾಲೇಜಿನ ಫಲಿತಾಂಶ ಕಲಬುರಗಿಯ ಹಾಸ್ಟೆಲ್ಲಿಗೆ ಹಾಗೆಯೇ ಅನ್ವಯಿಸುತ್ತದೆ ಎನ್ನಲೂ ಆಗದು. ಆದರೆ ಆತ್ಮರಕ್ಷಣೆಯ ಶಿಕ್ಷಣವನ್ನು ವೈದ್ಯಕೀಯದಷ್ಟೇ ಕಟ್ಟುನಿಟ್ಟಾಗಿ ಪರೀಕ್ಷಿಸಲು ಸಾಧ್ಯ ಎನ್ನುವುದಂತೂ ಸಾಬೀತಾಯಿತು.

ಆತ್ಮರಕ್ಷಣೆ ಕಲಿಸುವುದಕ್ಕೇ ಬರುವ ಆಕ್ಷೇಪಗಳಲ್ಲಿ ನನಗೆ ಅತ್ಯಂತ ಗಂಭೀರವೆನಿಸುವುದು ಇದು: ತಪ್ಪು ಮಾಡುವವನನ್ನು ತಿದ್ದುವ ಬದಲು ಹೆಣ್ಣುಮಕ್ಕಳ ಮೇಲೇ ಹೊಣೆ ಹೊರಿಸುತ್ತಿದ್ದೀರಿ, ನಾಳೆ ಪಾರಾಗದವಳನ್ನು ಕಲಿತಿದ್ದೆಯಲ್ಲ, ಏಕೆ ಹೊಡೆಯಲಿಲ್ಲ ಎಂದು ಕೇಳುತ್ತೀರಿ. ಆ ಪ್ರಶ್ನೆ ಕ್ರೂರವಾದದ್ದು, ಅದನ್ನು ಕೇಳುವವರು ಇದ್ದಾರೆ ಎನ್ನುವುದೂ ನಿಜ. ಅಪರಾಧದ ಹೊಣೆ ಪೂರ್ತಿಯಾಗಿ ಅಪರಾಧಿಯದೇ. ಆದರೆ ಪರೀಕ್ಷಿಸದ ವಿದ್ಯೆಯೇ ಆ ಕ್ರೂರ ಪ್ರಶ್ನೆಗೆ ಹೆಚ್ಚು ಇಂಬು ಕೊಡುತ್ತದೆ. ಈ ಪಟ್ಟು ತಪ್ಪುವುದೇ ಇಲ್ಲ ಎಂದು ಕಲಿಸಿದ ಮೇಲೆ ತಪ್ಪಿದರೆ ತಪ್ಪು ಕಲಿತವಳದ್ದಾಗುತ್ತದೆ. ಇದು ಇಂಥ ಕಡೆ ಸೋಲುತ್ತದೆ, ಸೋತರೆ ಅದು ನಿನ್ನ ಸೋಲಲ್ಲ ಎಂದು ಮೊದಲೇ ಹೇಳುವ ತರಬೇತಿ ಅವಳನ್ನು ಆ ಭಾರದಿಂದ ಉಳಿಸುತ್ತದೆ. ಇನ್ನು ಕೆಲವರು, ಇಷ್ಟೆಲ್ಲ ಪ್ರಶ್ನಿಸಿದರೆ ಹುಡುಗಿಯರ ಧೈರ್ಯ ಕುಗ್ಗುವುದಿಲ್ಲವೇ ಎನ್ನುತ್ತಾರೆ. ಧೈರ್ಯ ಬೆಲೆಯುಳ್ಳದ್ದು, ತಾನು ಎದುರಿಸಬಲ್ಲೆನೆಂಬ ನಂಬಿಕೆಯಿಲ್ಲದೆ ಯಾರೂ ಕೂಗುವುದೂ ಇಲ್ಲ. ಆದರೆ ಬಿಗಿಯಾಗಿ ಹಿಡಿದವನಿಂದ ನಿಜವಾಗಿ ಬಿಡಿಸಿಕೊಂಡ ಒಂದು ಅನುಭವ, ಸಡಿಲ ಹಿಡಿತದಿಂದ ನೂರು ಸಲ ಬಿಡಿಸಿಕೊಂಡದ್ದಕ್ಕಿಂತ ಹೆಚ್ಚು ಧೈರ್ಯ ಕೊಡುತ್ತದೆ. ಕಾನೂನಿನ ಪ್ರಶ್ನೆಯೂ ಇದೆ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಆತ್ಮರಕ್ಷಣೆಯ ಹಕ್ಕನ್ನು ಕೊಟ್ಟು, ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡಬಾರದೆಂಬ ಮಿತಿಯನ್ನೂ ಹಾಕುತ್ತವೆ. ಅತ್ಯಾಚಾರ, ಆ್ಯಸಿಡ್ ದಾಳಿಯಂಥ ಆಕ್ರಮಣಗಳ ಎದುರು ಆ ಹಕ್ಕು ಪ್ರಾಣ ತೆಗೆಯುವವರೆಗೂ ಹೋಗುತ್ತದೆ. ಇದನ್ನು ಹೇಳಿಕೊಡದ ತರಬೇತಿ ಅಪೂರ್ಣ.

ಹೀಗೆ ಪರೀಕ್ಷಿಸಿದರೆ ಪರಂಪರೆಗೆ ಅಗೌರವವಾಗುತ್ತದೆ ಎನ್ನುವವರೂ ಇದ್ದಾರೆ. ಆ ಮಾತಿಗೆ ಚಿತ್ರದುರ್ಗದ ಓಬವ್ವನನ್ನೇ ನೆನೆಯೋಣ. ಕರ್ನಾಟಕದಲ್ಲಿ ಹೆಣ್ಣುಮಕ್ಕಳ ಆತ್ಮರಕ್ಷಣೆಗೆ ಅವಳ ಹೆಸರೇ ಸ್ಫೂರ್ತಿ. ನವೆಂಬರ್ 11 ರಾಜ್ಯದಲ್ಲಿ ಅವಳ ಜಯಂತಿಯ ದಿನ. ಜನ ಉಳಿಸಿಕೊಂಡು ಬಂದ ಕಥೆಯನ್ನು ವಿಚಾರ ಮಾಡಿ ನೋಡಿ. ಅವಳು ಬಯಲಿನಲ್ಲಿ ಹೈದರಾಲಿಯ ಸೈನಿಕರ ಎದುರು ನಿಲ್ಲಲಿಲ್ಲ. ಒಬ್ಬೊಬ್ಬರಾಗಿ ತೆವಳಿಯೇ ಬರಬೇಕಾದ ಕೋಟೆಯ ಕಿಂಡಿಯ ಬಾಯಲ್ಲಿ, ಅವರಿಗೆ ಕಾಣದಂತೆ ನಿಂತಳು. ದಿನವೂ ಎತ್ತಿ ಕುಟ್ಟಿ ಕೈಗೆ ಒಗ್ಗಿದ ಒನಕೆಯನ್ನು ಹಿಡಿದಳು. ಒಂದೇ ಏಟನ್ನು ಮತ್ತೆ ಮತ್ತೆ ಕೊಟ್ಟಳು, ತಲೆಗೆ. ಬಿದ್ದವನನ್ನು ಪಕ್ಕಕ್ಕೆ ಎಳೆದು ಮುಂದಿನವನಿಗೆ ಅನುಮಾನ ಬಾರದಂತೆ ನೋಡಿಕೊಂಡಳು. ಕೊನೆಗೆ ಹಿಂದಿನಿಂದ ಬಂದ ಶತ್ರುವಿಗೆ ಬಲಿಯಾದಳು ಎಂದೂ ಕಥೆ ಹೇಳುತ್ತದೆ. ಬೆನ್ನಿಗೆ ಇನ್ನೊಬ್ಬರು ಇರಬೇಕಿತ್ತು ಎಂಬ ಪಾಠ ಅಲ್ಲಿದೆ. ಓಬವ್ವನಿಂದ ಶೌರ್ಯವನ್ನು ಮಾತ್ರ ತೆಗೆದುಕೊಂಡು, ಜಾಗ, ಸಾಧನ, ಸಮಯಗಳ ಬಗ್ಗೆ ಅವಳು ತೋರಿದ ವಿವೇಕವನ್ನು ಬಿಟ್ಟರೆ ಅದೇ ಅಗೌರವ.

ಈ ಪರೀಕ್ಷೆಯನ್ನು ನಮ್ಮ ಶಾಲೆಗಳಿಂದಲೇ ಆರಂಭಿಸಬಹುದು. ಸಮಗ್ರ ಶಿಕ್ಷಣ ಯೋಜನೆಯ ಅಡಿಯಲ್ಲಿ ಸರ್ಕಾರಿ ಶಾಲೆಗಳ 6ರಿಂದ 12ನೇ ತರಗತಿಯ ಹೆಣ್ಣುಮಕ್ಕಳಿಗೆ ಮೂರು ತಿಂಗಳ ಆತ್ಮರಕ್ಷಣಾ ತರಬೇತಿ ನಡೆಯುತ್ತದೆ. ಶಾಲೆಗೆ ತಿಂಗಳಿಗೆ 5,000 ರೂಪಾಯಿ ಅದಕ್ಕೆ ಸಿಗುತ್ತದೆ. ದುಡ್ಡು ಕಡಿಮೆಯೇ, ಆದರೆ ನಾನು ಹೇಳುತ್ತಿರುವ ಪರೀಕ್ಷೆಗೆ ಬೇಕಾದದ್ದು ಒಂದು ಡಜನ್ ಸ್ಕೆಚ್ ಪೆನ್, ಕೆಲವು ಹಳೆಯ ಹಾಸಿಗೆ, ಹಿಡಿತ ಸಡಿಲಿಸಬೇಡ ಎಂದು ಹೇಳುವ ಒಬ್ಬ ತರಬೇತುದಾರ್ತಿ. ಎಷ್ಟು ಮಂದಿ ಕಲಿತರು ಎಂಬ ಲೆಕ್ಕದ ಜೊತೆಗೆ ಶಾಲೆಯವರು ಆರು ತಿಂಗಳ ಮೇಲೆ ಹೆಸರು ಬರೆಯದ ಚೀಟಿಯಲ್ಲಿ ಮೂರೇ ಪ್ರಶ್ನೆ ಕೇಳಲಿ: ಈ ನಡುವೆ ನಿನಗೆ ಏನಾದರೂ ಆಯಿತೇ, ಆಗ ಕಲಿತದ್ದರಲ್ಲಿ ಯಾವುದನ್ನು ಮಾಡಿದೆ, ಯಾವುದು ಕೈಕೊಟ್ಟಿತು. ಸಹಾಯ ಬೇಕಾದವರು ಯಾರ ಬಳಿ ಹೋಗಬೇಕೆಂಬುದು, ಮಕ್ಕಳ ಸಹಾಯವಾಣಿ 1098ರ ಸಹಿತ, ಅದೇ ಚೀಟಿಯ ಕೆಳಗೆ ಅಚ್ಚಾಗಿರಲಿ. ಉತ್ತರಗಳನ್ನು ಓದಿದ ಮೇಲೆ, ಮುಂದಿನ ತಂಡಕ್ಕೆ ಯಾವ ಪಟ್ಟನ್ನು ಬಿಟ್ಟೆ, ಯಾವುದನ್ನು ಹೇಗೆ ಬದಲಾಯಿಸಿದೆ, ಏಕೆ, ಎಂದು ಕಲಿಸುವವರು ಒಂದು ಪುಟ ಬರೆದು ಪಕ್ಕದ ಶಾಲೆಯವರಿಗೂ ಕೊಡಲಿ.